ಕಾರಿನ ನೀರಿಗೆ ಒಂದು ಹಿಡಿ ಅರಿಶಿನ

ನಮ್ಮೂರಿನಲ್ಲಿ ಮುಂಬಯಿ ಕಾಣದ ಮನೆ ಇಲ್ಲ. ಮನೆಗೊಬ್ಬರಾದರೂ ಅಲ್ಲಿನ ಹೋಟೆಲಿನಲ್ಲಿ ಲೋಟ ತೊಳೆದೋ ಗಲ್ಲಾದಲ್ಲಿ ಕೂತೋ ಬಂದವರೇ. ಅವರ ಬಾಯಿಂದ ಸಮುದ್ರದ ದಂಡೆಯ ದೀಪಗಳನ್ನು, ಸಿನೆಮಾದವರ ಬಂಗಲೆಗಳನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಅವುಗಳಲ್ಲಿ ಯಾವುದನ್ನೂ ನಾನು ನೋಡಲಿಲ್ಲ. ನಾನು ನೋಡಿದ್ದು ಠಾಣೆ, ನೆರೂಳ, ರಬಾಳೆ, ಡೊಂಬಿವಲಿ ಮತ್ತು ಒಂದು ಬಿಳಿ ಕಾರಿನ ಹೊಟ್ಟೆ. ಊರಿಗೆ ಬಂದ ಮೇಲೆ "ಶೀನಣ್ಣ, ಎಂತೆಲ್ಲ ಕಂಡ್ರಿ?" ಎಂದು ಕೇಳಿದವರಿಗೆಲ್ಲ ಹೇಳಲು ಶುರುಮಾಡಿ, ಕಾರಿನ ಹತ್ತಿರ ಬಂದ ಕೂಡಲೇ ಮಾತು ತಪ್ಪಿಸಿದ್ದೇನೆ. ತಪ್ಪಿಸಿದ್ದನ್ನು ಇಲ್ಲಿ ಬರೆಯುತ್ತೇನೆ.

ಕುಂದಾಪುರದಿಂದ ಬಾಳೆಬರೆ ಘಾಟಿ ಹತ್ತುವ ಖಾಸಗಿ ಬಸ್ಸಿಗೆ ನಾನು ಡ್ರೈವರ್ ಆಗಿದ್ದವನು. ಹೈಸ್ಕೂಲು ಮುಗಿಸಿದ್ದೇ ಸ್ಟಿಯರಿಂಗ್ ಹಿಡಿದೆ, ಕಣ್ಣು ಮಂಜಾಗುವ ತನಕ ಬಿಡಲಿಲ್ಲ. ಅಷ್ಟು ವರ್ಷ ಓಡಿಸಿದರೂ ಕಾರವಾರ ದಾಟಿರಲಿಲ್ಲ. ನನ್ನ ಮಟ್ಟಿಗೆ ಕಾಳಿ ಹೊಳೆಯ ಆಚೆಗೆಲ್ಲ ಪರದೇಶವೇ.

ಠಾಣೆ

ರೈಲು ಠಾಣೆಗೆ ಬಂದಾಗ ಬೆಳಕು ಹರಿದಿತ್ತು. ನನ್ನ ತಂಗಿಯ ಮಗ ರಾಘು ಪ್ಲಾಟ್‌ಫಾರಂ ಮೇಲೆ ನಿಂತಿದ್ದ. ನಾನು ಅವನನ್ನು ನೋಡಲಿಲ್ಲ, ಜನರನ್ನು ನೋಡುತ್ತಾ ನಿಂತುಬಿಟ್ಟೆ. ಪಕ್ಕದ ಲೈನಿಗೆ ಒಂದು ಲೋಕಲ್ ಬಂತು. ನಿಲ್ಲುವ ಮೊದಲೇ ಅರ್ಧ ಜನ ಇಳಿದಾಗಿತ್ತು, ಇನ್ನರ್ಧ ಹತ್ತಿಯಾಗಿತ್ತು. ನಮ್ಮ ಬಸ್ಸಿನಲ್ಲಿ ಒಬ್ಬ ಮುದುಕಿ ಬುಟ್ಟಿ ಇಳಿಸುವಷ್ಟು ಹೊತ್ತಿನಲ್ಲಿ ಇಲ್ಲಿ ಒಂದು ಊರೇ ಹತ್ತಿ ಇಳಿದಿತ್ತು. ಯಾರೂ ಯಾರನ್ನೂ ಬೈಯಲಿಲ್ಲ. ನಾನು ಕೈ ಮುಗಿಯಬೇಕೆನ್ನುವಷ್ಟರಲ್ಲಿ ರಾಘು ನನ್ನ ಚೀಲ ಕಸಿದುಕೊಂಡ.

"ಹ್ವಾಯ್ ಮಾವ, ಬಾಯಿ ಮುಚ್ಕಣಿ. ಇಲ್ಲಿ ಬಾಯಿ ಬಿಟ್ಕಂಡ್ ನಿಂತವ್ರ ಕಿಸೆ ಖಾಲಿ ಆತ್ತ್."

ರಾಘು ರಬಾಳೆಯ ಒಂದು ಕಾರ್ಖಾನೆಯ ಕ್ಯಾಂಟೀನು ನಡೆಸುತ್ತಾನೆ. ನೆರೂಳಿನ ಅಡುಗೆಮನೆಯಲ್ಲಿ ಬೇಯಿಸಿದ್ದನ್ನು ದೊಡ್ಡ ಡಬ್ಬಗಳಲ್ಲಿ ತುಂಬಿ, ಹಿಂದಿನ ಸೀಟು ತೆಗೆಸಿದ ಹಳೆಯ ಕಾರಿನಲ್ಲಿ ದಿನಾ ಮಧ್ಯಾಹ್ನ ಸಾಗಿಸುವುದು ಅವನ ಕೆಲಸ. ಆ ಕಾರಿನಲ್ಲೇ ನನ್ನನ್ನು ಕರೆದುಕೊಂಡು ಹೋದ. ಕೂತ ಕೂಡಲೇ ಸಾಂಬಾರಿನ ವಾಸನೆ. ಅದರ ಅಡಿಯಲ್ಲಿ ಇನ್ನೊಂದು ಸಿಹಿ ವಾಸನೆಯೂ ಇತ್ತು, ಪಾಯಸ ಚೆಲ್ಲಿರಬೇಕು ಎಂದುಕೊಂಡೆ. ಕಾಲಿನ ಕೆಳಗಿನ ಚಾಪೆ ಒದ್ದೆಯಾಗಿ ಅಂಟಂಟಾಗಿತ್ತು. ಗಾಜಿನ ಒಳಮೈಗೆ ಮಂಜು ಕೂತಂತೆ ಒಂದು ಪೊರೆ. ರಾಘು ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದರಲ್ಲಿ ಬಟ್ಟೆಯಿಂದ ಗಾಜು ಒರೆಸುತ್ತಲೇ ಇದ್ದ.

ಠಾಣೆಯ ಖಾಡಿ, ಎಂದರೆ ಸಮುದ್ರದ ಹಿನ್ನೀರು, ದಾಟುವಾಗ ಸಿಗ್ನಲಿನಲ್ಲಿ ನಿಂತೆವು. ನಾನು ಆಚೆ ದಡದ ಕಟ್ಟಡಗಳ ಮಾಳಿಗೆ ಎಣಿಸಲು ಹೋಗಿ ಲೆಕ್ಕ ತಪ್ಪಿ ಮತ್ತೆ ಶುರುಮಾಡುತ್ತಿದ್ದೆ. ರಾಘು ಕಾರನ್ನು ಬದಿಗೆ ಒಯ್ದು ನಿಲ್ಲಿಸಿದ. ಉಷ್ಣದ ಮುಳ್ಳು ಮೇಲೆ ಹೋಗಿತ್ತು. ಬಾನೆಟ್ ಎತ್ತಿ, ತಣಿಯುವ ತನಕ ಕಾದು, ಬಾಟಲಿಯಿಂದ ನೀರು ಸುರಿದ.

"ಎಲ್ಲಿಂದ ಸೋರ್ತದೆ?" ಎಂದೆ.

"ಅದೇ ಗೊತ್ತಾತಿಲ್ಲೆ ಮಾವ. ಅಡಿಗೆ ಒಂದ್ ಹನಿ ಬೀಳುದಿಲ್ಲೆ. ನೀರ್ ಮಾತ್ರ ದಿನಾ ಕಮ್ಮಿ ಆತ್ತ್. ಬಿಲ್ಡಿಂಗಿನಲ್ಲಿ ಗಾಡಿ ತೊಳಿಯು ಪಾಂಡುಗೆ ಹೇಳಿದ್ದೆ, ಅವ ದಿನಾ ಬೆಳಿಗ್ಗೆ ತುಂಬಿಸ್ತ. ನೀವ್ ಬಂದ್ರಿ ಅಲ್ದಾ, ನೀವೇ ಒಂಚೂರ್ ಕಾಣಿ."

ನೀವೇ ಕಾಣಿ ಎಂದ. ಆ ಮಾತು ನನ್ನ ತಲೆಗೇರಿತು. ಸ್ಟಿಯರಿಂಗ್ ಬಿಟ್ಟ ಮೇಲೆ ನನಗೆ ಯಾರೂ ಯಾವ ಗಾಡಿಯನ್ನೂ ನೋಡಿ ಎಂದಿರಲಿಲ್ಲ.

ನೆರೂಳ

ನೆರೂಳ ನನಗೆ ಹಿಡಿಸಿತು. ಇಡೀ ಊರನ್ನು ಯಾರೋ ಸ್ಕೇಲು ಇಟ್ಟು ಗೆರೆ ಎಳೆದು ಮಾಡಿದ ಹಾಗಿದೆ. ಬೀದಿಗೆ ಹೆಸರಿಲ್ಲ, ಸೆಕ್ಟರಿಗೆ ನಂಬರಿದೆ. ನಮ್ಮಲ್ಲಿ ಮನೆ ಕೇಳಿದರೆ "ಆ ಹಲಸಿನ ಮರದ ಹತ್ರ ಎಡಕ್ಕೆ ತಿರುಗಿ" ಎನ್ನುತ್ತಾರೆ. ಮರ ಬಿದ್ದು ಹತ್ತು ವರ್ಷವಾದರೂ ಹಾಗೇ ಎನ್ನುತ್ತಾರೆ. ಇಲ್ಲಿ ನಂಬರು ಹೇಳಿದರೆ ಕಣ್ಣು ಮುಚ್ಚಿ ತಲುಪಬಹುದು.

ರಾಘುವಿನ ಬಿಲ್ಡಿಂಗಿನಲ್ಲಿ ಬೆಳಗಿನ ಮೊದಲ ಸದ್ದು ಕೋಳಿಯದ್ದಲ್ಲ, ಪಾಂಡುವಿನ ಒದ್ದೆ ಬಟ್ಟೆಯದ್ದು. ಪಾಂಡು ಸಾತಾರಾ ಕಡೆಯವನು, ನಡುವಯಸ್ಸು ದಾಟಿದವನು. ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡಿ, ಬಾನೆಟ್ಟಿನ ಮೇಲೆ ಪಟಾರ್ ಎಂದು ಬೀಸಿ ಹೊಡೆದು ಆಮೇಲೆ ಒರೆಸುತ್ತಿದ್ದ. ಕಾರಿನ ಸಾಲು ಮುಗಿಯುವ ತನಕ ಅದೇ ತಾಳ. ಎಲ್ಲ ಕಾರುಗಳನ್ನೂ ಮುಗಿಸಿ ಇನ್ನೆಲ್ಲೋ ಕೂಲಿಗೆ ಹೋಗುತ್ತಾನಂತೆ. ನನ್ನನ್ನು ಕಂಡಾಗಲೆಲ್ಲ "ಕಾಯ್ ಕಾಕಾ, ಝೋಪ್ ನಾಹೀ?" ಎನ್ನುತ್ತಿದ್ದ. ನಿದ್ರೆ ಇಲ್ಲವಾ ಎಂದು. ಮುದುಕರಿಗೆ ಎಲ್ಲ ಊರಿನಲ್ಲೂ ಇದೇ ಪ್ರಶ್ನೆ.

ನಾನು ಕಾರಿನ ಕೆಳಗೆ ಇಣುಕಿದೆ. ಒಣ ನೆಲ. ರೇಡಿಯೇಟರಿನ ಅಂಚಿನಲ್ಲಿ ಬಿಳಿ ಉಪ್ಪಿನಂಥ ಕಲೆ ಇತ್ತು. ಇಲ್ಲಿಯೇ ಎಂದು ತೀರ್ಮಾನ ಮಾಡಿಬಿಟ್ಟೆ. ಅದಕ್ಕೆ ಮದ್ದು ನನಗೆ ಗೊತ್ತಿತ್ತು. ಘಾಟಿಯ ಹಳೇ ಡ್ರೈವರುಗಳೆಲ್ಲರಿಗೂ ಗೊತ್ತು, ಆದರೆ ಪ್ರಯಾಣಿಕರಿಗೂ ಮಾಲೀಕರಿಗೂ ಹೇಳುವುದಿಲ್ಲ. ರೇಡಿಯೇಟರ್ ಸೋರಿದರೆ ಅದಕ್ಕೆ ಒಂದು ಹಿಡಿ ಅರಿಶಿನ ಪುಡಿ. ನೀರಿನ ಜೊತೆ ಸುತ್ತಿ ಸುತ್ತಿ ಹೋಗಿ ತೂತಿನಲ್ಲಿ ಕಚ್ಚಿಕೊಂಡು ಕೂರುತ್ತದೆ. ಬಾಳೆಬರೆಯ ತಿರುವಿನಲ್ಲಿ ಎಷ್ಟು ಸಲ ಹಾಗೆ ಬಸ್ಸು ಮೇಲೆ ತಂದಿದ್ದೇನೋ! "ಶೀನನ ಬಸ್ಸು ಘಾಟಿಯಲ್ಲಿ ನಿಲ್ಲುವುದಿಲ್ಲ" ಎಂದು ಜನ ಹೇಳುತ್ತಿದ್ದುದರ ಹಿಂದೆ ಅರ್ಧ ಅರಿಶಿನವಿತ್ತು.

ಮರುದಿನ ಬೆಳಗಿನ ಜಾವ ರಾಘುವಿನ ಹೆಂಡತಿ ಸುಮತಿ ಏಳುವ ಮೊದಲೇ ಅಡುಗೆಮನೆಗೆ ಹೋಗಿ ಡಬ್ಬದಿಂದ ಅರಿಶಿನ ತೆಗೆದುಕೊಂಡೆ. ಕೆಳಗೆ ಬಂದು, ಪಾಂಡುವಿನ ಬಕೆಟ್ಟಿನಿಂದ ಮಗ್ಗು ಕೇಳಿ ತೆಗೆದುಕೊಂಡು, ಅದರಲ್ಲೇ ಕಲಸಿ ರೇಡಿಯೇಟರಿಗೆ ಸುರಿದೆ. ಮಗ್ಗು ತೊಳೆದು ಕೊಟ್ಟೆ. ಪಾಂಡು ಅದನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ, ಮುಂದಿನ ಕಾರಿಗೆ ಹೋದ.

ರಾಘುವಿಗೆ ನಾನು ಹೇಳಲಿಲ್ಲ. ಸೋರುವುದು ನಿಲ್ಲಲಿ, ಆಮೇಲೆ ಅವನು "ಇದೆಂತ ಮಾವ, ಎಂತ ಮಾಡಿದ್ರಿ?" ಎಂದು ಕೇಳಲಿ, ನಾನು ಮೀಸೆಯಡಿ ನಗಲಿ ಎಂದು ಆಸೆ. ಎರಡು ದಿನ ನೀರು ಕಮ್ಮಿಯಾಗಲಿಲ್ಲ. ರಾಘು ಊಟಕ್ಕೆ ಕೂತಾಗ "ನಿಮ್ಮ ಕಾಲ್ಗುಣ ಮಾವ" ಎಂದ. ಕಾಲಿನದ್ದಲ್ಲ ಮಾರಾಯ, ಕೈಯದ್ದು ಎಂದು ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಂದು ದಿನ ಹೋಗಲಿ ಎಂದು ತಡೆದೆ.

ರಬಾಳೆ

ಆ ಇನ್ನೊಂದು ದಿನ ನಾನೂ ಅವನ ಜೊತೆ ಕ್ಯಾಂಟೀನು ನೋಡಲು ಹೊರಟೆ. ಹಿಂದೆ ಅನ್ನದ, ಸಾಂಬಾರಿನ, ಪಲ್ಯದ ಡಬ್ಬಗಳು. ರಸ್ತೆಯ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕಾರ್ಖಾನೆ ಮೇಲೆ ಕಾರ್ಖಾನೆ. ಇಷ್ಟೊಂದು ಹೊಗೆಕೊಳವೆಗಳ ಅಡಿಯಲ್ಲಿ ಇರುವವರೆಲ್ಲ ಮಧ್ಯಾಹ್ನ ಉಣ್ಣಬೇಕಲ್ಲ, ಅದರಲ್ಲಿ ಒಂದು ಪಂಕ್ತಿಗೆ ನಮ್ಮ ರಾಘುವಿನ ಸಾಂಬಾರು ಎಂದು ಹೆಮ್ಮೆಪಡುತ್ತಿದ್ದೆ. ರಬಾಳೆ ಸಮೀಪಿಸುವಾಗ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ಟಿನ ಸಂದಿನಿಂದ ಹಬೆ ಬುಸ್ಸೆಂದಿತು. ರಾಘು ಕೂಡಲೇ ಎಂಜಿನು ನಿಲ್ಲಿಸಿ ಹಣೆ ಚಚ್ಚಿಕೊಂಡ. ಡಬ್ಬಗಳನ್ನು ರಿಕ್ಷಾಗಳಿಗೆ ಹೇರಿ ಕಳಿಸಿದೆವು. ದಾರಿಹೋಕರು, ಯಾರು ಏನು ಎಂದು ಕೇಳದೆ, ಬೆನ್ನು ಕೊಟ್ಟು ಕಾರನ್ನು ಹತ್ತಿರದ ಗ್ಯಾರೇಜಿನ ತನಕ ತಳ್ಳಿ, ಕೈ ಒರೆಸಿಕೊಂಡು ಹೋದರು. ಒಬ್ಬರ ಮುಖವೂ ನನಗೆ ನೆನಪಿಲ್ಲ. ಅವರಿಗೂ ನಮ್ಮದು ನೆನಪಿರಲಿಕ್ಕಿಲ್ಲ.

ಗ್ಯಾರೇಜಿನ ಯಜಮಾನ ಬಸವರಾಜ ವಿಜಾಪುರ ಕಡೆಯವನು. ನಾವು ಕನ್ನಡದಲ್ಲಿ ಜಗಳಾಡುತ್ತಾ ಬಂದದ್ದು ಕೇಳಿಯೇ ಎದ್ದು ಬಂದ.

"ಬರ್ರೀ ಬರ್ರೀ. ಕನ್ನಡದವರ ಗಾಡಿ ಅಂದ್ರ ನಾ ನೋಡಿದ ಕೂಡ್ಲೆ ಹೇಳಿಬಿಡ್ತೇನಿ. ಈ ರಬಾಳೆದಾಗ ಎಂಜಿನ್ ಅಂದ್ರ ಬಸವರಾಜ, ಬಸವರಾಜ ಅಂದ್ರ ಎಂಜಿನ್."

"ಎಂತದ್ದೂ ಬ್ಯಾಡ, ಬೇಗ ಆದ್ರೆ ಸಾಕ್ ಮಾರ್ರೆ" ಎಂದ ರಾಘು.

"ಬೇಗ ಆಗಬೇಕಂದ್ರ ಸಾವಕಾಶ ಮಾಡಬೇಕ್ರಿ. ಮೊದ್ಲ ಇದು ಆರ್ಲಿ. ಈಗ ಮುಚ್ಚಳ ತೆಗದ್ರ ಮಾರಿ ಸುಟ್ಟ ಹೋಗ್ತದ."

ಚಹಾ ಕುಡಿದೆವು. ಅವನು ಕುಡಿಯುತ್ತಾ ತನ್ನನ್ನು ಇನ್ನಷ್ಟು ಹೊಗಳಿಕೊಂಡ. ಎಂಜಿನು ತಣಿದ ಮೇಲೆ ಗೋಣಿ ಬಟ್ಟೆ ಹಾಕಿ ರೇಡಿಯೇಟರಿನ ಮುಚ್ಚಳ ಸ್ವಲ್ಪ ಸ್ವಲ್ಪವೇ ತಿರುಗಿಸಿ ತೆಗೆದ. ಒಳಗೆ ಬೆರಳಿಟ್ಟ. ಬೆರಳ ತುದಿಗೆ ಹಳದಿ ಲೋಳೆ ಬಂತು. ಅವನ ಮುಖ ಇಳಿಯಿತು. ನನ್ನ ಮುಖ ಅದಕ್ಕಿಂತ ಮೊದಲೇ ಇಳಿದಿತ್ತು.

"ಹೋತ್ರಿ. ಹೆಡ್ ಗ್ಯಾಸ್ಕೆಟ್ ಹೋಗೇತಿ. ಆಯಿಲ್ ನೀರಾಗ ಸೇರೇತಿ, ಅದಕ್ಕ ಈ ಬೆಣ್ಣಿ. ಎಂಜಿನ್ ಬಿಚ್ಚಬೇಕು. ಗಾಡಿ ಇಲ್ಲೇ ಬಿಡ್ರಿ."

ರಾಘು ಅಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟ. ಕಾರಿಲ್ಲದೆ ಕ್ಯಾಂಟೀನು ನಡೆಯುವುದಿಲ್ಲ ಎಂದು ಅವನು ಹೇಳಬೇಕಿರಲಿಲ್ಲ. ಅದು ಬೆಣ್ಣೆಯಲ್ಲ, ನಾನು ಕಲಸಿದ ಅರಿಶಿನ ಎಂದು ಹೇಳಲು ನಾನು ಬಾಯಿ ತೆರೆದೆ. ಆಗಲೇ ಬಸವರಾಜ ಎಂಜಿನ್ ಆಯಿಲಿನ ಕಡ್ಡಿ ಎಳೆದು ನೋಡಿದ. ಒರೆಸಿ ಮತ್ತೆ ಹಾಕಿ, ಮತ್ತೆ ಎಳೆದು ನೋಡಿದ.

"ಥೂ ಇದರೌನ. ಆಯಿಲ್ ಚೊಕ್ಕ ಐತಿ. ಇದ್ರಾಗ ನೀರ ಇಲ್ಲ. ತಡೀರಿ, ನಾ ಏನ ಹೇಳೇನಿ ಅದನ್ನ ಮರತುಬಿಡ್ರಿ."

ನಾನು ತೆರೆದ ಬಾಯಿ ಮುಚ್ಚಿದೆ. ಇವನೇ ಕಂಡುಹಿಡಿಯುತ್ತಾನೆ, ನಾನು ಯಾಕೆ ಹೇಳಬೇಕು ಎಂದಿತು ಮನಸ್ಸು.

ಆಮೇಲೆ ನಡೆದದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಬಸವರಾಜ ಒಳಗಿನಿಂದ ಒಂದು ಪೆಟ್ಟಿಗೆ ತಂದ. ಸೈಕಲ್ ಪಂಪಿನಂಥ ಒಂದು ಸಾಧನ, ಅದಕ್ಕೆ ಗಡಿಯಾರದಂಥ ಮುಳ್ಳು. ರೇಡಿಯೇಟರಿಗೆ ನೀರು ತುಂಬಿ, ಮುಚ್ಚಳದ ಜಾಗಕ್ಕೆ ಇದನ್ನು ಬಿಗಿದು, ಕೈಯಿಂದ ಒತ್ತತೊಡಗಿದ. ಎಂಜಿನು ಓಡುವಾಗ ಒಳಗೆ ಎಷ್ಟು ಒತ್ತಡ ಇರುತ್ತದೋ ಅಷ್ಟನ್ನು, ಎಂಜಿನು ಸತ್ತು ಮಲಗಿರುವಾಗಲೇ ಕೈಯಿಂದ ಕೊಡುವುದು! ಮುಳ್ಳು ಮೇಲೇರಿತು. ಅವನು ಕೈ ಬಿಟ್ಟ. ಮುಳ್ಳು ಮೆಲ್ಲ ಮೆಲ್ಲ ಇಳಿಯಿತು.

"ನೋಡ್ರಿ ಅಜ್ಜಾರ, ಎಲ್ಲ್ಯೋ ಹೊಂಟೇತಿ."

ಅಷ್ಟು ವರ್ಷ ನಾನು ಸೋರುವಿಕೆಯನ್ನು ಹುಡುಕಿದ್ದು ನೆಲದ ಮೇಲೆ. ಹನಿ ಬಿದ್ದ ಜಾಗದಿಂದ ಮೇಲಕ್ಕೆ ಕಣ್ಣು ಹಾಯಿಸುವುದು, ಅಷ್ಟೇ ನನ್ನ ವಿದ್ಯೆ. ಹನಿಯೇ ಬೀಳದಿದ್ದರೆ ನಾನು ಕುರುಡ. ಇವನು ಹನಿಗೆ ಕಾಯಲಿಲ್ಲ, ಮುಳ್ಳನ್ನು ಕೇಳಿದ. ಮತ್ತೆ ಒತ್ತಿದ. ಪಕ್ಕದಲ್ಲಿ ಗಾಳಿ ಹಾಕುವ ಮೆಷಿನು ಗುಡುಗುಡು ಎನ್ನುತ್ತಿತ್ತು, ಅದನ್ನು ನಿಲ್ಲಿಸಿದ. ಕಿವಿ ಕೊಟ್ಟು ಕಾರನ್ನು ಒಂದು ಸುತ್ತು ಬಂದ. ಕೆಳಗೆ ಮಲಗಿ ನೋಡಿದ, ಒಣ. ಕೊಳವೆಗಳನ್ನು ಹಿಸುಕಿ ನೋಡಿದ, ಒಣ. ನಾನು ತೀರ್ಮಾನ ಮಾಡಿದ್ದ ಬಿಳಿ ಕಲೆಯನ್ನು ಉಗುರಿನಿಂದ ಕೆರೆದು "ಇದು ಯಾವಾಗಿಂದೋ ಹಳೇದು" ಎಂದು ಮುಂದೆ ಹೋದ. ಕೊನೆಗೆ ಎಡಗಡೆಯ ಬಾಗಿಲು ತೆರೆದು, ನಾನು ಕಾಲಿಟ್ಟು ಕೂತಿದ್ದ ಚಾಪೆಯನ್ನು ಎತ್ತಿದ. ಅಡಿಯ ಹಾಸು ನೆಂದು ಪಚಪಚ ಎನ್ನುತ್ತಿತ್ತು. ಎರಡು ಬೆರಳಿನಲ್ಲಿ ತಿಕ್ಕಿ ಮೂಸಿ ನೋಡಿದ.

"ಅಜ್ಜಾರ, ನಿಮ್ಮ ಕಾಲು ಹಸಿ ಆಗಿದ್ದಿಲ್ಲೇನ್ರಿ?"

"ಆಗಿತ್ತು. ಸಾಂಬಾರು ಅಂತ ತಿಳ್ಕೊಂಡೆ."

"ಸಾಂಬಾರು!" ಎಂದು ಅವನು ಬಾನೆಟ್ ಬಡಿದು ನಕ್ಕ. "ಸಾಂಬಾರ ಎಲ್ಲ್ಯರೆ ಸಿಹಿ ಇರ್ತದೇನ್ರಿ?"

"ನಮ್ ಬದಿಯಲ್ಲಿ ಬೆಲ್ಲ ಹಾಕ್ತ್ರ್" ಎಂದ ರಾಘು. ಆ ಹೊತ್ತಿನಲ್ಲೂ ನಗು ಬಂತು.

ವಿಷಯ ಇಷ್ಟು. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಪುಟ್ಟ ರೇಡಿಯೇಟರ್ ಇರುತ್ತದಂತೆ. ಎಂಜಿನಿನ ಬಿಸಿನೀರು ಅದರಲ್ಲಿ ಸುತ್ತಿ, ಚಳಿಯ ದೇಶದವರಿಗೆ ಕಾರಿನೊಳಗೆ ಬಿಸಿಗಾಳಿ ಕೊಡುತ್ತದೆ. ಅದು ತೂತಾಗಿತ್ತು. ನನ್ನ ಅರಿಶಿನ ಆ ತೂತನ್ನು ಎರಡು ದಿನ ಹಿಡಿದಿಟ್ಟು ಆಮೇಲೆ ಬಿಟ್ಟಿರಬೇಕು. ನೀರು ಹೊರಗೆ ಬೀಳದೆ ಒಳಗೆ ಚಾಪೆಯಡಿ ಇಳಿಯುತ್ತಿತ್ತು, ಹಬೆಯಾಗಿ ಗಾಜಿಗೆ ಪೊರೆ ಕಟ್ಟುತ್ತಿತ್ತು. ಆ ಸಿಹಿ ವಾಸನೆ ಎಂಜಿನಿನ ನೀರಿಗೆ ಬೆರೆಸಿದ ಕೂಲಂಟಿನದ್ದು. ನನಗೆ ನಂಬಲಾಗಲಿಲ್ಲ. ಬೆವರು ಒರೆಸಿ ಒರೆಸಿ ಟವೆಲು ಹಿಂಡುವ ಈ ಊರಿನಲ್ಲಿ, ಕಾರಿನ ಎದೆಯೊಳಗೆ ಒಂದು ಒಲೆ! ರಾಘು ಒಮ್ಮೆಯೂ ಹಚ್ಚದ ಒಲೆ. ಬೇಡದೆ ಇದ್ದದ್ದು ಒಳಗೆ ಕೂತು ಅಷ್ಟು ದಿನ ಕಾರಿನ ನೀರು ಕುಡಿಯುತ್ತಿತ್ತು.

"ಇದನ್ನ ತೆಗೀಬೇಕಂದ್ರ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ನಮಗ ಇದು ಬೇಕೇನು? ಕಾಶ್ಮೀರಕ್ಕ ಸಾಂಬಾರ ಒಯ್ತೀರೇನು? ಇಲ್ಲಲ?" ಎಂದು ಬಸವರಾಜ, ಎಂಜಿನಿನಿಂದ ಒಳಗೆ ಹೋಗುವ ಕೊಳವೆಯನ್ನೂ ಒಳಗಿನಿಂದ ಬರುವ ಕೊಳವೆಯನ್ನೂ ಕಳಚಿ, ಬಾಗಿದ ಒಂದು ತುಂಡು ಪೈಪಿನಿಂದ ಎರಡನ್ನೂ ಒಂದಕ್ಕೊಂದು ಸೇರಿಸಿ ಕ್ಲಿಪ್ಪು ಬಿಗಿದ. ನೀರಿಗೆ ಒಳಗೆ ಹೋಗುವ ದಾರಿಯೇ ಇಲ್ಲವಾಯಿತು. ಮತ್ತೆ ಪಂಪು ಒತ್ತಿದ. ಮುಳ್ಳು ಏರಿತು, ನಿಂತಿತು. ನಾವು ಮೂವರೂ ಬಗ್ಗಿ ನೋಡಿದೆವು. ಅದು ಅಲ್ಲಾಡಲಿಲ್ಲ. ಗರ್ಭಗುಡಿಯ ದೀಪ ಗಾಳಿಯಿಲ್ಲದೆ ನಿಂತಂತೆ ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ.

"ಸೋರೂದು ನಿಂತಿತು. ಆದ್ರ ಇವತ್ತ ಕುದ್ದದ್ಯಾಕ? ಇಷ್ಟ ಸಣ್ಣ ಸೋರಿಕಿಗೆ ಹಿಂಗ ಕುದಿಯೂದಿಲ್ಲ" ಎಂದು ಬಸವರಾಜ ಮತ್ತೆ ಬಗ್ಗಿದ. ನೀರು ಬಿಸಿಯಾದಾಗ ತೆರೆದುಕೊಳ್ಳಬೇಕಾದ ಸಣ್ಣ ಬಾಗಿಲೊಂದು ಎಂಜಿನಿನ ಬಾಯಲ್ಲಿದೆ. ಅದನ್ನು ಬಿಚ್ಚಿ ಹೊರತೆಗೆದ. ಹಳದಿ ಉಂಡೆಯೊಂದು ಅದರ ಬಾಯಿಗೆ ಗಡ್ಡೆ ಕಟ್ಟಿತ್ತು. ಮೂಗಿನ ಹತ್ತಿರ ಹಿಡಿದ. ಎರಡನೇ ಸಲ ಬಾನೆಟ್ ಬಡಿದು ನಗುತ್ತಾನೆ ಎಂದುಕೊಂಡೆ. ನಗಲಿಲ್ಲ.

"ಅರಿಶಿಣ. ಯಾರ್ರೀ ಎಂಜಿನ್ನಿಗೆ ಒಗ್ಗರಣಿ ಹಾಕಿದವ್ರು? ಇದು ಹಳೇ ಡ್ರೈವರಗೋಳ ಕೆಲಸ. ಹಳೇ ಗಾಡಿಗೆ ನಡೀತಿತ್ತು, ಅದರ ನರಗೋಳು ದಪ್ಪ. ಇದರ ನರ ಕೂದಲಿನಂಗ ಇರ್ತಾವ. ಇನ್ನೊಂದು ಚೂರು ಓಡಿಸಿದ್ರ ಎಂಜಿನ್ ಹಿಡಕೊಂಡು ಬಿಡ್ತಿತ್ತು."

ಎಂದು ನನ್ನ ಕಡೆ ನೋಡಿದ. ರಾಘು ಅದನ್ನು ಗಮನಿಸಿದ. ಸಿಟ್ಟು ಬಂತು ಅವನಿಗೆ, ನನ್ನ ಮೇಲಲ್ಲ, ಬಸವರಾಜನ ಮೇಲೆ.

"ನಮ್ ಮಾವನ್ನ ಎಂತಕ್ ಕಾಂತ್ರಿ? ಅವ್ರ್ ಘಾಟಿಯಂಗೆ ಬಸ್ ಬಿಟ್ಟವ್ರ್, ಇಂಥ ಮಂಗಾಟ ಮಾಡುವವ್ರಲ್ಲ. ದಿನಾ ನೀರ್ ತುಂಬ್ಸುದ್ ಪಾಂಡು. ಅವಂದೇ ಕೆಲ್ಸ ಇದ್. ಅಲ್ದಾ ಮಾವ?"

ನಾನು "ಇರ್ಬೋದು" ಎಂದೆ.

ಸುಮ್ಮನಿದ್ದರೆ ಅದು ಬೇರೆ ಪಾಪ. ನಾನು ಸುಮ್ಮನಿರಲಿಲ್ಲ. ಬಸವರಾಜ ಕೊಳಾಯಿಯ ಪೈಪು ತಂದು ಎಂಜಿನಿನ ಬಾಯಿಗಿಟ್ಟು ನೀರು ಬಿಟ್ಟ. ಹಳದಿ ನೀರು ಹರಿದು ಅವನ ಅಂಗಳದ ಮೋರಿಗೆ ಹೋಯಿತು. ಬಹಳ ಹೊತ್ತು ಹಳದಿಯಾಗಿಯೇ ಹೋಯಿತು.

ಮತ್ತೆ ನೆರೂಳ

ಮರುದಿನ ಬೆಳಿಗ್ಗೆ ಬಿಲ್ಡಿಂಗಿನ ಗೇಟಿನಲ್ಲಿ, ಹಾಲು ತರಲು ಹೋಗುವವರೂ ಶಾಲೆಯ ಬಸ್ಸಿಗೆ ಕಾಯುವವರೂ ಎಲ್ಲ ಇರುವಾಗ, ರಾಘು ಪಾಂಡುವನ್ನು ಬೈದ. ಸೊಸೈಟಿಯ ಸೆಕ್ರೆಟರಿಯೂ ಬಂದರು. "ಇವತ್ತು ಇವರ ಕಾರು, ನಾಳೆ ನಮ್ಮದು" ಎಂದು ಯಾರೋ ಅಂದರು. ಅಷ್ಟಕ್ಕೇ ಇಡೀ ಬಿಲ್ಡಿಂಗಿನ ಕಾರುಗಳು ಪಾಂಡುವಿನ ಕೈತಪ್ಪಿದವು.

ನಾನು ಬಾಲ್ಕನಿಯಲ್ಲಿ ನಿಂತಿದ್ದೆ. ಪಾಂಡು ತಲೆ ಎತ್ತಿ ನನ್ನನ್ನು ನೋಡಿದ. ಮಗ್ಗು ಯಾರು ಕೇಳಿದರು ಎಂದು ಅವನಿಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಬಕೆಟ್ಟಿನ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡು ಹೋದ.

ಆಮೇಲೆ ಬೆಳಿಗ್ಗೆ ಆ ಸದ್ದಿಲ್ಲ. ನಿದ್ರೆ ಮೊದಲೂ ಇರಲಿಲ್ಲ, ಈಗ ಎಚ್ಚರವೂ ಭಾರವಾಯಿತು.

ಒಂದು ಮಧ್ಯಾಹ್ನ ಸುಮತಿ ನನ್ನ ಪಂಚೆ ಒಗೆಯುತ್ತಿದ್ದಳು. ಅಂಚಿನಲ್ಲಿ ನಸು ಹಳದಿ ಕಲೆ ಇತ್ತು. ಸೋಪು ತಾಗಿದ್ದೇ ಅದು ಕೆಂಪಾಗಿ ಅರಳಿತು. ಅರಿಶಿನ ಎಂದು ಹೆಂಗಸರಿಗೆ ಬೇರೆ ಸಾಕ್ಷಿ ಬೇಡ. ಅವಳು ನನ್ನ ಮುಖ ನೋಡದೆ ಹೇಳಿದಳು.

"ಇದ್ ತಿಕ್ಕಿದ್ರೆ ಹ್ವಾತಿಲ್ಲೆ ಮಾವ. ಬಿಸ್ಲಿಗ್ ಹಾಕ್ಕ್. ಎಲ್ಲರೂ ಕಾಂಬಂಗೆ ಹೊರಗೆ ಹಾಕ್ಕ್. ಬಿಸ್ಲ್ ತಾಗಿದ್ರೆ ಹ್ವಾತ್ತ್."

ಪಂಚೆ ಬಾಲ್ಕನಿಯಲ್ಲಿ ಹರವಿದಳು. ಮತ್ತೆ, ಮಾತು ಬದಲಿಸಿದ ಹಾಗೆ, "ಪಾಂಡು ಡೊಂಬಿವಲಿಗೆ ಹೋಯಿದ ಅಂಬ್ರ್. ಭಾವನ ಮನಿಯಲ್ಲಿ ಇದ್ದ. ಕೆಮಿಕಲಿನ ಡ್ರಮ್ ತೊಳಿಯು ಕೆಲ್ಸ ಸಿಕ್ಕಿತ್ತಂಬ್ರ್. ಅವ್ನ ಹೆಂಡ್ತಿ ಫೋನಿನಲ್ಲಿ ಅತ್ತ್ ಅತ್ತ್ ಹೇಳ್ದ್ಲ್" ಎಂದಳು.

"ನನ್ನನ್ನು ಅಲ್ಲಿಗೆ ಕರ್ಕೊಂಡು ಹೋಗ್ತೀಯಾ?" ಎಂದೆ.

"ಹೋಯ್ಲಕ್. ಮೊದ್ಲ್ ಇವ್ರಿಗ್ ಹೇಳಿ."

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ರಾಘು ತುತ್ತು ಬಾಯಿಗಿಡದೆ ಕೇಳಿದ. ಬೈಯುತ್ತಾನೆ ಎಂದು ಕಾದೆ. ಅವನು ತಟ್ಟೆ ನೋಡುತ್ತಾ, "ಅಲ್ಲೇ ಗ್ಯಾರೇಜಿನಲ್ಲೇ ಹೇಳಿದ್ರೆ ನಾನ್ ನೆಗಾಡ್ತಿದ್ದೆ ಮಾವ. ಅಷ್ಟೇ ಆತಿದ್ದದ್ದ್" ಎಂದ. ಎದ್ದು ಕೈ ತೊಳೆಯಲು ಹೋದವನು ಬಹಳ ಹೊತ್ತು ನಲ್ಲಿಯ ಮುಂದೆಯೇ ನಿಂತಿದ್ದ. ಪಾಂಡುವನ್ನು ಊರೆದುರು ಬೈದ ಬಾಯಿ ಅವನದ್ದು.

ಡೊಂಬಿವಲಿ

ಠಾಣೆಯ ತನಕ ಒಂದು ರೈಲು, ಅಲ್ಲಿಂದ ಡೊಂಬಿವಲಿಗೆ ಇನ್ನೊಂದು. ಹೆಂಗಸರ ಡಬ್ಬಿ ಬೇರೆ, ಸುಮತಿ ಅದಕ್ಕೆ ಹೋಗಬೇಕು. ನಾನು ಹೆದರಿದ್ದು ನೋಡಿ ಧೈರ್ಯ ಹೇಳಿದಳು.

"ಮಾವ, ಡೊಂಬಿವಲಿಯಲ್ಲಿ ನೀವ್ ಇಳಿಯುದ್ ಬ್ಯಾಡ. ಬಾಗ್ಲ್ ಹತ್ರ ನಿಂತ್ಕಂಡ್ರೆ ಸಾಕ್. ಅವ್ರೇ ಇಳ್ಸ್ತ್ರ್."

ಒಳಗೆ ಮೂವರ ಸೀಟಿನಲ್ಲಿ ಮೂವರು ಕೂತಿದ್ದರು. ನನ್ನ ಬಿಳಿ ತಲೆ ಕಂಡದ್ದೇ ಮೂವರೂ ಒಮ್ಮೆಲೇ ಜರುಗಿದರು, ಒಂದು ಗೇಣು ಜಾಗ ಹುಟ್ಟಿತು. ಅದಕ್ಕೆ ಇಲ್ಲಿ ನಾಲ್ಕನೇ ಸೀಟು ಎನ್ನುತ್ತಾರಂತೆ. ಯಾವ ರೈಲ್ವೆಯವರೂ ಮಾಡದ, ಜನರೇ ತಮ್ಮ ತೊಡೆಯಲ್ಲಿ ಕೊಯ್ದು ಕೊಡುವ ಸೀಟು. ಅರ್ಧ ಅಂಡು ಅದರ ಮೇಲೆ, ಅರ್ಧ ಗಾಳಿಯಲ್ಲಿ ಇಟ್ಟು ಕೂತೆ. ಗುರುತಿಲ್ಲದ ಮುದುಕನಿಗೆ ಇವರು ಇಷ್ಟು ಜಾಗ ಕೊಟ್ಟರು. ದಿನಾ ಕಾಕಾ ಎಂದು ಕರೆದವನ ಜಾಗ ನಾನು ಕಿತ್ತುಕೊಂಡೆ. ಕಿಟಕಿಯಾಚೆ ಮುಂಬ್ರಾದ ಬಂಡೆಗುಡ್ಡ, ಖಾಡಿಯ ಮಿಂಚು ಹಾದುಹೋದವು. ಬೇರೆ ದಿನವಾಗಿದ್ದರೆ ಬಾಯಿ ಬಿಟ್ಟು ನೋಡುತ್ತಿದ್ದೆ.

ಸುಮತಿ ಹೇಳಿದಂತೆಯೇ ಆಯಿತು. ಡೊಂಬಿವಲಿಯಲ್ಲಿ ನಾನು ಇಳಿಯಲಿಲ್ಲ. ಹಿಂದಿನಿಂದ ಬಂದ ಅಲೆ ನನ್ನನ್ನು ಎತ್ತಿ ಪ್ಲಾಟ್‌ಫಾರಂ ಮೇಲೆ ಇಟ್ಟಿತು. ಚಪ್ಪಲಿ ಕೂಡ ಕಾಲಲ್ಲೇ ಇತ್ತು.

ರಿಕ್ಷಾ ಕಾರ್ಖಾನೆಗಳ ಕಡೆ ಹೋಯಿತು. ಗಾಳಿಗೆ ಮೂಗು ಚುಚ್ಚುವ ಹುಳಿ ವಾಸನೆ. ಒಂದು ಶೆಡ್ಡಿನ ಮುಂದೆ ನೀಲಿ ಡ್ರಮ್ಮುಗಳ ಗುಡ್ಡೆ. ಪಾಂಡು ಒಂದು ಡ್ರಮ್ಮಿನೊಳಗೆ ಅರ್ಧ ಮೈ ತೂರಿಸಿ ತಿಕ್ಕುತ್ತಿದ್ದ. ಹೊರಗೆ ಬಂದವನ ಕೈಗಳು ಮೊಣಕೈ ತನಕ ಕೆಂಪಾಗಿ ಸಿಪ್ಪೆ ಎದ್ದಿದ್ದವು. ಕಾಕಾ ಎನ್ನಲಿಲ್ಲ.

ನನ್ನ ಹಿಂದಿ ರೈಲ್ವೆ ಬೋರ್ಡು ಓದುವಷ್ಟೇ. ಆದರೂ ಸುಮತಿಯನ್ನು ತಡೆದು ನಾನೇ ಹೇಳಿದೆ. ಅರಿಶಿನ ಹಾಕಿದವನು ನಾನು. ನಿನ್ನ ಹೆಸರು ಬಂದಾಗ ಇರಬಹುದು ಎಂದವನೂ ನಾನು. ಅಷ್ಟು ಹೇಳಿ ಬಗ್ಗಿ ಅವನ ಕೈ ಹಿಡಿಯಲು ಹೋದೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಉರಿಯುತ್ತಿತ್ತೋ, ಬೇಡವಾಗಿತ್ತೋ.

ಅವನು ಮರಾಠಿ ಬೆರೆಸಿದ ಹಿಂದಿಯಲ್ಲಿ ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ.

"ನನಗೆ ಅವತ್ತೇ ಗೊತ್ತಿತ್ತು. ಹೇಳಿದ್ದರೆ ಯಾರು ನಂಬುತ್ತಿದ್ದರು? ಬಕೆಟ್ಟು ಹಿಡಿದವನನ್ನು ನಂಬುತ್ತಾರಾ, ಧೋತರ ಉಟ್ಟವರನ್ನು ನಂಬುತ್ತಾರಾ? ಇಲ್ಲಿ ಈ ಡ್ರಮ್ಮುಗಳ ಮುಂದೆ ಹೇಳಿ ಏನು ಪ್ರಯೋಜನ ಸಾಬ್? ಇವಕ್ಕೆ ಕಿವಿ ಇದೆಯಾ? ನನ್ನನ್ನು ಎಲ್ಲಿ ನಿಲ್ಲಿಸಿ ಅಂದರೋ ಅಲ್ಲಿ ಹೇಳಿ."

ಕಾಕಾ ಹೋಗಿ ಸಾಬ್ ಆಗಿದ್ದೆ. ಮತ್ತೆ ಡ್ರಮ್ಮಿನೊಳಗೆ ಬಗ್ಗಿದ.

ಗೇಟಿನಲ್ಲಿ

ಭಾನುವಾರ ಬೆಳಿಗ್ಗೆ ರಾಘು ಸೆಕ್ರೆಟರಿಗೆ ಹೇಳಿ ಬಿಲ್ಡಿಂಗಿನವರನ್ನೆಲ್ಲ ಗೇಟಿಗೆ ಕರೆಸಿದ. ಸುಮತಿ ಫೋನು ಮಾಡಿ ಕರೆಸಿದ್ದರಿಂದ ಪಾಂಡು ಬಂದಿದ್ದ, ಆದರೆ ಗೇಟಿನ ಹೊರಗೆ ರಸ್ತೆಯ ಮೇಲೇ ನಿಂತ. ನಾನು ಅವನಿಗೂ ಕೇಳಿಸುವಷ್ಟು ಹತ್ತಿರ ಹೋಗಿ ನಿಂತೆ. ಡೊಂಬಿವಲಿಯಿಂದ ಬರುವ ದಾರಿಯುದ್ದಕ್ಕೂ ಕಲಿತಿಟ್ಟುಕೊಂಡಿದ್ದ ಹಿಂದಿಯಲ್ಲಿ ಹೇಳಿದೆ.

"ಹಲ್ದೀ ಮೈನೇ ಡಾಲಾ. ಪಾಂಡು ನೇ ನಹೀ. ಮೈ ಝೂಟ್ ಬೋಲಾ."

ಅರಿಶಿನ ಹಾಕಿದ್ದು ನಾನು, ಪಾಂಡು ಅಲ್ಲ, ಸುಳ್ಳು ಹೇಳಿದ್ದೂ ನಾನೇ ಎಂದು. ಒಬ್ಬ ಹೆಂಗಸು ಫಕ್ಕನೆ ನಕ್ಕಳು, ಅರಿಶಿನದ ವಿಷಯಕ್ಕೆ. ಸೆಕ್ರೆಟರಿ ನೆಲ ನೋಡುತ್ತಾ, ಪಾಂಡು ನಾಳೆಯಿಂದ ಕೆಲಸಕ್ಕೆ ಬರಲಿ ಎಂದರು. ರಾಘು ಗೇಟಿನಾಚೆ ಹೋಗಿ ಪಾಂಡುವಿನ ಎದುರು ನಿಂತು ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಪಾಂಡು ತಲೆ ಅಲ್ಲಾಡಿಸಲೂ ಇಲ್ಲ, ತಿರುಗಿ ಹೋಗಲೂ ಇಲ್ಲ.

ಮರುದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಪಟಾರ್ ಎಂಬ ಸದ್ದು. ಬಾಲ್ಕನಿಗೆ ಓಡಿದೆ. ಪಾಂಡು ಸಾಲಿನ ಮೊದಲ ಕಾರು ತೊಳೆಯುತ್ತಿದ್ದ. ಎರಡನೆಯದು, ಮೂರನೆಯದು. ರಾಘುವಿನ ಬಿಳಿ ಕಾರಿನ ಹತ್ತಿರ ಬಂದಾಗ ನಿಂತ. ಬಟ್ಟೆ ಹಿಂಡಿದ. ಅದನ್ನು ದಾಟಿ ಮುಂದಿನ ಕಾರಿಗೆ ಹೋದ.

ನಾನು ಕೆಳಗಿಳಿದು ಹೋದೆ. ಯಾವ ಬಾಯಿಂದ ಏನು ಕೇಳುವುದು ಎಂದು ತಿಳಿಯದೆ ಬಿಳಿ ಕಾರಿನ ಪಕ್ಕ ನಿಂತೆ. ಪಾಂಡು ಸಾಲು ಮುಗಿಸಿ ಹಿಂದಕ್ಕೆ ಬಂದ. ಬಕೆಟ್ಟಿನಿಂದ ಆ ಮಗ್ಗನ್ನು ತೆಗೆದು ನೀರು ತುಂಬಿಸಿ ಬಾನೆಟ್ಟಿನ ಮೇಲಿಟ್ಟ. ಅದರ ಪಕ್ಕ ಒಂದು ಒದ್ದೆ ಬಟ್ಟೆ ಇಟ್ಟ. ನನ್ನ ಮುಖ ನೋಡದೆ ನಲ್ಲಿಯ ಕಡೆ ಹೋದ.

ಊರಿಗೆ ಹೊರಡುವ ತನಕ ಆ ಕಾರನ್ನು ದಿನಾ ನಾನೇ ತೊಳೆದೆ. ಬಟ್ಟೆಯನ್ನು ಅವನ ಹಾಗೆ ಬೀಸಿ ಹೊಡೆಯಲು ನನಗೆ ಕೊನೆಗೂ ಬರಲಿಲ್ಲ. ಹೊರಡುವ ದಿನದ ಬೆಳಿಗ್ಗೆ, ನಾನು ಗಾಜು ಒರೆಸುತ್ತಿರುವಾಗ ಪಾಂಡು ಹಿಂದೆ ಬಂದು ನಿಂತದ್ದು ಗೊತ್ತಾಯಿತು. ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ತಿರುಗಿಸಿ, ಮಡಚಿ, ಮತ್ತೆ ನನ್ನ ಕೈಗೇ ಕೊಟ್ಟ.

"ಅಸಂ ನಾಹೀ ಕಾಕಾ. ಅಸಂ" ಎಂದ. ಹಾಗಲ್ಲ, ಹೀಗೆ.